ಹಸುಗೂಸಿನ ಎಕ್ಸಿಮಾ: ಬೆಂಗಳೂರಿನ ಮನೆಗಳಿಗೆ ಒಂದು ಆರೈಕೆಯ ಕ್ರಮ

ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕೆನ್ನೆಯ ಮೇಲೆ ಒರಟಾದ ಮಚ್ಚೆ ಮೂಡಿ, ಒಮ್ಮೆ ಒಣಗಿ ಹೊಟ್ಟೇಳುತ್ತ, ಇನ್ನೊಮ್ಮೆ ಒದ್ದೆಯಾಗಿ ಜಿನುಗುತ್ತ, ರಾತ್ರಿಯೆಲ್ಲ ಮಗು ತನ್ನ ಮುಖವನ್ನು ಹಾಸಿಗೆಗೋ ಎತ್ತಿಕೊಂಡವರ ಭುಜಕ್ಕೋ ಉಜ್ಜಿಕೊಳ್ಳುತ್ತಿದ್ದರೆ, ಅದು ಬಹುಮಟ್ಟಿಗೆ ಅಟೋಪಿಕ್ ಡರ್ಮಟೈಟಿಸ್, ಅಂದರೆ ರೂಢಿಯಲ್ಲಿ ಎಕ್ಸಿಮಾ ಅಥವಾ ಇಸುಬು ಎನ್ನುವ ತೊಂದರೆ ಆಗಿರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೊಳಕಿನಿಂದ ಬರುವುದಿಲ್ಲ. ತಾಯಿ ಬಾಣಂತನದಲ್ಲಿ ಏನೋ ತಿನ್ನಬಾರದ್ದನ್ನು ತಿಂದಳೆಂಬ ಕಾರಣಕ್ಕೂ ಬರುವುದಿಲ್ಲ. ಇದನ್ನು ಮೊದಲಿಗೇ ಹೇಳಬೇಕಾಗಿದೆ, ಏಕೆಂದರೆ ಹೆರಿಗೆಯಾಗಿ ದಣಿದಿರುವ ತಾಯಿಯ ತಲೆಯ ಮೇಲೆ ಈ ಅಪವಾದವನ್ನು ಹೊರಿಸುವ ಮನೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ.

ಕಾರಣ ಇರುವುದು ಚರ್ಮದ ರಚನೆಯಲ್ಲಿ. ಚರ್ಮದ ಹೊರಪದರ ಒಳಗಿನ ತೇವವನ್ನು ಹಿಡಿದಿಡುತ್ತದೆ, ಹೊರಗಿನ ಕಿರಿಕಿರಿಯ ವಸ್ತುಗಳನ್ನು ತಡೆಯುತ್ತದೆ. ಈ ಪದರಕ್ಕೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿರುವವರಿಗೆ ಎಕ್ಸಿಮಾ ಬರುವ ಸಂಭವ ಹೆಚ್ಚು ಎಂಬುದು 2006ರಲ್ಲಿ ತಿಳಿದುಬಂತು. ತಂದೆಗೋ ತಾಯಿಗೋ ಆಸ್ತಮಾ, ಧೂಳಿನ ಅಲರ್ಜಿ, ಬೆಳಗಾದರೆ ಸಾಲುಸಾಲು ಸೀನು ಇರುವ ಮನೆಗಳಲ್ಲಿ ಇದು ಹೆಚ್ಚಾಗಿ ಕಾಣುವುದಕ್ಕೂ ಹುಟ್ಟಿನಿಂದ ಬರುವ ಇಂಥ ಒಲವೇ ಕಾರಣ. ತೇವ ಆರಿದ ಚರ್ಮ ಬಿರುಕು ಬಿಡುತ್ತದೆ, ಬಿರುಕಿನ ಮೂಲಕ ಸೋಪು, ಧೂಳು, ಬ್ಯಾಕ್ಟೀರಿಯಾ ಒಳಗಿಳಿದು ಉರಿಯೂತ ಹುಟ್ಟುತ್ತದೆ, ಉರಿಯೂತದಿಂದ ತುರಿಕೆ, ತುರಿಸಿದ್ದರಿಂದ ಮತ್ತಷ್ಟು ಬಿರುಕು. ಆರೈಕೆಯ ಪ್ರತಿಯೊಂದು ಹೆಜ್ಜೆಯೂ ಈ ಸುತ್ತನ್ನು ಎಲ್ಲಾದರೂ ಒಂದೆಡೆ ತುಂಡರಿಸುವ ಪ್ರಯತ್ನವೇ ಆಗಿದೆ.

ಒಂದು ಟ್ಯೂಬಿನಿಂದ ಇದು ಬುಡಸಮೇತ ಹೋಗುವುದಿಲ್ಲ. ಆದರೆ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ತಾನಾಗಿ ತಗ್ಗುತ್ತದೆ, ಅಲ್ಲಿಯವರೆಗೆ ಅದನ್ನು ಚೆನ್ನಾಗಿ ಹತೋಟಿಯಲ್ಲಿಡಬಹುದು. ಹತೋಟಿ ತಪ್ಪುವುದು ಸಾಮಾನ್ಯವಾಗಿ ಚರ್ಮ ಕೆಟ್ಟಾಗ ಅಲ್ಲ, ಚರ್ಮ ನಯವಾಗಿ ಕಂಡ ವಾರದಲ್ಲಿ ‘ವಾಸಿಯಾಯಿತು’ ಎಂದು ಎಲ್ಲವನ್ನೂ ನಿಲ್ಲಿಸಿದಾಗ.

ಮೊದಲ ಹೆಜ್ಜೆ: ಇದು ಎಕ್ಸಿಮಾ ಹೌದೇ ಎಂದು ಖಚಿತಪಡಿಸಿಕೊಳ್ಳುವುದು

ಹಸುಗೂಸುಗಳಲ್ಲಿ ಎಕ್ಸಿಮಾ ಸಾಮಾನ್ಯವಾಗಿ ಕೆನ್ನೆ, ಹಣೆ, ನೆತ್ತಿ, ಕೈಕಾಲುಗಳ ಹೊರಬದಿಯಲ್ಲಿ ಕಾಣಿಸುತ್ತದೆ. ಮೂಗಿನ ತುದಿ ಮತ್ತು ಡಯಾಪರ್ ಮುಚ್ಚಿದ ಭಾಗ ಹೆಚ್ಚಾಗಿ ಚೆನ್ನಾಗಿಯೇ ಇರುತ್ತವೆ. ಮಗು ಬೆಳೆದಂತೆ ಮೊಣಕೈಯ ಮಡಿಕೆ, ಮೊಣಕಾಲಿನ ಹಿಂಬದಿ, ಮಣಿಕಟ್ಟಿನ ಕಡೆಗೆ ಅದು ಸರಿಯುತ್ತದೆ. ವೈದ್ಯಕೀಯ ಪುಸ್ತಕಗಳ ಚಿತ್ರಗಳಲ್ಲಿ ಕಾಣುವ ಕೆಂಪು ಬಣ್ಣವನ್ನು ನಮ್ಮ ಮಕ್ಕಳ ಗೋಧಿ ಅಥವಾ ಕಪ್ಪು ಮೈಬಣ್ಣದಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ಇಲ್ಲಿ ಅದು ಕಂದು, ಬೂದು ಅಥವಾ ನೇರಳೆ ಛಾಯೆಯ ಒರಟು ಮಚ್ಚೆಯಾಗಿ, ಕೆಲವೊಮ್ಮೆ ರೋಮದ ಬುಡದಲ್ಲಿ ಎದ್ದ ಸಣ್ಣ ಗುಳ್ಳೆಗಳಾಗಿ ಬರುತ್ತದೆ. ಆದ್ದರಿಂದ ಕಣ್ಣಿಗಿಂತ ಬೆರಳನ್ನು ನಂಬುವುದು ಮೇಲು. ಸಂಜೆ ಬಟ್ಟೆ ಬದಲಿಸುವಾಗ ಬೆರಳುಗಳ ಹಿಂಬದಿಯನ್ನು ಮಗುವಿನ ಮೀನಖಂಡದ ಮೇಲೆ, ಮೊಣಕೈಯ ಹೊರಬದಿಯಲ್ಲಿ ಮೆಲ್ಲಗೆ ಆಡಿಸಿ ನೋಡಿ. ಸಣ್ಣ ರವೆ ತಾಗಿದಂತೆ ಅನ್ನಿಸಿದ ಜಾಗದಲ್ಲಿ ಇನ್ನೆರಡು ದಿನಕ್ಕೆ ಮಚ್ಚೆ ಏಳುವುದು ಅಪರೂಪವಲ್ಲ.

ಎಕ್ಸಿಮಾ ಎಂದು ತಪ್ಪಾಗಿ ತಿಳಿಯಬಹುದಾದ ಬೇರೆ ತೊಂದರೆಗಳೂ ಇವೆ. ಹುಟ್ಟಿದ ಮೊದಲ ವಾರಗಳಲ್ಲಿ ತಲೆಯ ಮೇಲೆ ಜಿಡ್ಡಾದ ಹಳದಿ ಹೊಪ್ಪಳೆ ಕಟ್ಟಿ, ಮಗು ಮಾತ್ರ ನೆಮ್ಮದಿಯಾಗಿದ್ದರೆ ಅದು ಸೆಬೊರಿಕ್ ಡರ್ಮಟೈಟಿಸ್ ಇರಬಹುದು. ಏಪ್ರಿಲ್‌ ತಿಂಗಳ ಸೆಕೆಯಲ್ಲಿ ಕುತ್ತಿಗೆಯ ಮಡಿಕೆಗಳಲ್ಲಿ, ಬೆನ್ನಿನ ಮೇಲೆ ಒಮ್ಮೆಲೇ ಏಳುವ ಸಣ್ಣ ಗುಳ್ಳೆಗಳು ಬೆವರುಸಾಲೆ. ಅಂಗೈ ಅಂಗಾಲುಗಳಲ್ಲೂ ಗುಳ್ಳೆಗಳಿದ್ದು, ಮನೆಯ ಬೇರೆಯವರಿಗೂ ರಾತ್ರಿ ಹೊತ್ತು ತುರಿಕೆಯಿದ್ದರೆ ಕಜ್ಜಿಯನ್ನು ಶಂಕಿಸಬೇಕು. ಅದಕ್ಕೆ ಮನೆಮಂದಿಗೆಲ್ಲ ಒಟ್ಟಿಗೆ ಚಿಕಿತ್ಸೆ ಬೇಕಾಗುತ್ತದೆ. ಅಂಚು ಮಾತ್ರ ಉಬ್ಬಿ ನಡುವೆ ತಿಳಿಯಾಗಿರುವ ದುಂಡನೆಯ ಮಚ್ಚೆ ಹುಳುಕಡ್ಡಿಯಾಗಿರಬಹುದು. ಎಕ್ಸಿಮಾಕ್ಕೆ ಹಚ್ಚುವ ಔಷಧದಿಂದ ಹುಳುಕಡ್ಡಿ ಹೆಚ್ಚುತ್ತದೆಯಾದ್ದರಿಂದ, ಮೊದಲ ಸಲದ ನಿರ್ಧಾರವನ್ನು ಮಕ್ಕಳ ವೈದ್ಯರಿಗೋ ಚರ್ಮರೋಗ ತಜ್ಞರಿಗೋ ಬಿಡಬೇಕು. ಖಾಸಗಿ ತಜ್ಞರ ಖರ್ಚು ಹೊರಲಾಗದವರಿಗೆ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗಗಳಿವೆ.

ಎರಡನೆಯ ಹೆಜ್ಜೆ: ಸ್ನಾನವನ್ನು ಬದಲಿಸುವುದು

ಇಡೀ ಆರೈಕೆಯಲ್ಲಿ ಅತ್ಯಂತ ಕಷ್ಟದ ಹೆಜ್ಜೆ ಇದು, ಏಕೆಂದರೆ ನಮ್ಮಲ್ಲಿ ಮಗುವಿನ ಸ್ನಾನ ಎಂಬುದು ತಾಯಿಯೊಬ್ಬಳ ಕೆಲಸವಲ್ಲ. ಅಜ್ಜಿ ಇರುತ್ತಾರೆ, ಮನೆಗೆ ಬಂದು ನೀರು ಹಾಕಿ ಹೋಗುವವರು ಇರುತ್ತಾರೆ, ಅವರಿಗೆ ತಮ್ಮ ಕೈಯಲ್ಲಿ ಬೆಳೆದ ಮಕ್ಕಳ ಲೆಕ್ಕ ಇರುತ್ತದೆ. ಕಾಲು ನೀಡಿ ಕುಳಿತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹೊಗೆಯಾಡುವ ನೀರನ್ನು ಚೊಂಬಿನಿಂದ ಎತ್ತಿ ಎತ್ತಿ ಹೊಯ್ದು, ಕಡಲೆಹಿಟ್ಟಿನಿಂದ ಮೈಯುಜ್ಜಿ, ಸಾಂಬ್ರಾಣಿ ಹೊಗೆ ಹಿಡಿದು, ಬಿಗಿಯಾಗಿ ಸುತ್ತಿ ಮಲಗಿಸುವ ಈ ಕ್ರಮದಲ್ಲಿ ಪ್ರೀತಿ ಇದೆ, ಮಗುವಿಗೆ ಗಾಢ ನಿದ್ದೆ ಬರುವುದೂ ನಿಜ. ಅದನ್ನು ಪೂರ್ತಿ ತಳ್ಳಿಹಾಕಿದರೆ ಮನೆಯಲ್ಲಿ ಜಗಳವಾಗುತ್ತದೆಯೇ ಹೊರತು ಮಗುವಿಗೆ ಲಾಭವಿಲ್ಲ. ಎಕ್ಸಿಮಾ ಇರುವ ಮಗುವಿಗೆ ಆಗದ ಅಂಶಗಳನ್ನಷ್ಟೇ ಒಂದೊಂದಾಗಿ ತೆಗೆದು, ಉಳಿದದ್ದನ್ನು ಹಾಗೆಯೇ ಇಟ್ಟುಕೊಳ್ಳುವುದು ಜಾಣತನ. ಹಿರಿಯರ ಮುಂದೆ ಈ ಮಾತನ್ನು ವೈದ್ಯರೇ ಒಮ್ಮೆ ಹೇಳುವಂತೆ ಮಾಡಿ, ಆ ಭೇಟಿಗೆ ಅಜ್ಜಿಯನ್ನೂ ಕರೆದೊಯ್ಯಿರಿ.

ಮೊದಲು ನೀರಿನ ಬಿಸಿ. ನೀರು ಉಗುರುಬೆಚ್ಚಗೆ, ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಂಗೈ ಬಿಸಿಗೆ ಒಗ್ಗಿಹೋಗಿರುತ್ತದೆಯಾದ್ದರಿಂದ ಮೊಣಕೈಯನ್ನೋ ಮಣಿಕಟ್ಟಿನ ಒಳಬದಿಯನ್ನೋ ಅದ್ದಿ ನೋಡಿ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಿದರೆ ಅದು ಸರಿಯಾದ ಹದ. ಬಿಸಿನೀರು ಚರ್ಮದಲ್ಲಿ ಉಳಿದಿರುವ ಸ್ವಲ್ಪ ಜಿಡ್ಡನ್ನೂ ತೊಳೆದುಬಿಡುತ್ತದೆ, ತುರಿಕೆಯನ್ನು ಕೆರಳಿಸುತ್ತದೆ. ಸ್ನಾನ ಐದರಿಂದ ಹತ್ತು ನಿಮಿಷದೊಳಗೆ ಮುಗಿಯಲಿ. ದಿನಕ್ಕೊಮ್ಮೆ ಸ್ನಾನ ಮಾಡಿಸುವುದರಿಂದ ತೊಂದರೆಯಿಲ್ಲ, ಸ್ನಾನದ ಬೆನ್ನಿಗೇ ಮಾಯಿಶ್ಚರೈಸರ್ ಹಚ್ಚುವುದಾದರೆ.

ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ, ಅರಿಶಿನ, ಬೇವಿನ ಎಲೆಯ ಅರಪು, ಇವು ಯಾವುವೂ ಬಿರುಕುಬಿಟ್ಟ ಚರ್ಮಕ್ಕೆ ಬೇಡ. ಹಿಟ್ಟಿನ ತರಿ ಚರ್ಮವನ್ನು ತರಚುತ್ತದೆ, ಸೊಪ್ಪಿನ ರಸ ಕೆಲವು ಮಕ್ಕಳಿಗೆ ಉರಿ ತರುತ್ತದೆ. ಬಕೆಟ್ಟಿಗೆ ಎರಡು ಮುಚ್ಚಳ ಆಂಟಿಸೆಪ್ಟಿಕ್ ದ್ರವ ಹಾಕುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಬೇಬಿ ಸೋಪು ಎಂದು ಬರೆದಿರುವುದೆಲ್ಲ ಮೃದುವಾಗಿರುತ್ತದೆ ಎಂದೇನಿಲ್ಲ. ಸುಗಂಧವಿಲ್ಲದ, ಪಿಎಚ್ 5.5ರ ಆಸುಪಾಸಿನ, ಸೋಪಿನ ಅಂಶವಿಲ್ಲದ ಕ್ಲೆನ್ಸರ್ ಸಾಕು, ಅದನ್ನೂ ಕಂಕುಳು, ಕುತ್ತಿಗೆಯ ಮಡಿಕೆ, ಡಯಾಪರ್ ಜಾಗಕ್ಕೆ ಮಾತ್ರ ಬಳಸಿದರೆ ಉಳಿದ ಮೈಗೆ ಬರೀ ನೀರು ಸಾಲುತ್ತದೆ.

ಎಣ್ಣೆಯ ವಿಚಾರದಲ್ಲಿ ಎಲ್ಲವನ್ನೂ ಬೇಡವೆನ್ನಬೇಕಾಗಿಲ್ಲ. ಕೊಬ್ಬರಿ ಎಣ್ಣೆ, ಅದರಲ್ಲೂ ಕಾಯಿಸದೆ ತೆಗೆದ ವರ್ಜಿನ್ ಎಣ್ಣೆ, ಎಕ್ಸಿಮಾ ಇರುವ ಮಕ್ಕಳ ಚರ್ಮದ ತೇವ ಉಳಿಸಲು ನೆರವಾಗುತ್ತದೆ ಎಂಬುದಕ್ಕೆ ಸಣ್ಣ ಅಧ್ಯಯನಗಳ ಬೆಂಬಲವಿದೆ. ಹಗುರವಾಗಿ ಸವರಿ, ತಿಕ್ಕಿ ನೀವುವುದನ್ನು ಮಾತ್ರ ಬಿಡಿ. ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವ ಓಲಿಯಿಕ್ ಆಮ್ಲ ಚರ್ಮದ ತಡೆಗೋಡೆಯನ್ನು ಸಡಿಲಗೊಳಿಸುತ್ತದೆ. ದುಬಾರಿ ಎಂಬ ಕಾರಣಕ್ಕೆ ಅದು ಒಳ್ಳೆಯದಾಗುವುದಿಲ್ಲ. ಸಾಸಿವೆ ಎಣ್ಣೆ ಬೇಡ. ಕಡಲೆಕಾಯಿ ಎಣ್ಣೆಯೂ ಬೇಡ, ಏಕೆಂದರೆ ಉರಿಯೂತವಿರುವ ಚರ್ಮದ ಮೂಲಕ ಆಹಾರದ ಪ್ರೋಟೀನು ಒಳಹೊಕ್ಕರೆ ಅದಕ್ಕೇ ಅಲರ್ಜಿ ಬೆಳೆಯುವ ಅಪಾಯವಿದೆ.

ಇನ್ನು ನೀರಿನ ಗಡಸುತನ. ನಗರದ ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿಯಾಗಿರುವವರು ನಲ್ಲಿಯ ಬಾಯಿಗೆ, ಬಕೆಟ್ಟಿನ ಒಳಗೋಡೆಗೆ ಕಟ್ಟುವ ಬಿಳಿ ಪದರ ನೋಡಿ, ಮಗುವಿನ ಚರ್ಮ ಕೆಡುವುದು ಇದರಿಂದಲೇ ಎಂದು ಸಾವಿರಾರು ರೂಪಾಯಿಯ ಸಾಫ್ಟನರ್ ಯಂತ್ರ ಹಾಕಿಸುತ್ತಾರೆ. ಗಡಸು ನೀರಿರುವ ಪ್ರದೇಶಗಳಲ್ಲಿ ಎಕ್ಸಿಮಾ ತುಸು ಹೆಚ್ಚು ಕಾಣುವುದು ನಿಜವಾದರೂ, ಈಗಾಗಲೇ ಎಕ್ಸಿಮಾ ಇದ್ದ 336 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಗೆ ಸಾಫ್ಟನರ್ ಹಾಕಿದ್ದರಿಂದ ಎಂದಿನ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನವೇನೂ ಕಂಡುಬರಲಿಲ್ಲ. ಗಡಸು ನೀರಿನಲ್ಲಿ ಸೋಪು ಸರಿಯಾಗಿ ತೊಳೆದುಹೋಗದೆ ಚರ್ಮದ ಮೇಲೆ ಉಳಿಯುತ್ತದೆ. ಹೀಗಾಗಿ ಸೋಪನ್ನೇ ಕಡಿಮೆ ಮಾಡುವುದು ಹೆಚ್ಚು ಉಪಯುಕ್ತ. ಯಂತ್ರಕ್ಕೆ ಎತ್ತಿಟ್ಟ ಹಣವನ್ನು ಮಾಯಿಶ್ಚರೈಸರಿಗೆ ಖರ್ಚು ಮಾಡಿ.

ಮೂರನೆಯ ಹೆಜ್ಜೆ: ಮಾಯಿಶ್ಚರೈಸರ್ ಹಚ್ಚುವುದು, ಧಾರಾಳವಾಗಿ

ಸ್ನಾನವಾದ ಮೇಲೆ ಟವೆಲಿನಿಂದ ಉಜ್ಜದೆ, ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ಮೈಮೇಲೆ ಒತ್ತಿ ಒತ್ತಿ ನೀರನ್ನು ಹೀರಿಸಿ. ಮೈ ಇನ್ನೂ ತುಸು ಹಸಿಯಾಗಿರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಬೇಕು. ಡಬ್ಬಿಯೊಳಗೆ ಬೆರಳು ಹಾಕಿದರೆ ಕೈಯ ಬ್ಯಾಕ್ಟೀರಿಯಾ ಡಬ್ಬಿಗಿಳಿಯುತ್ತದೆ. ಒಂದು ಒಣ ಚಮಚದಿಂದ ಬೇಕಾದಷ್ಟನ್ನು ತೆಗೆದು ಅಂಗೈಯಲ್ಲಿಟ್ಟು ಬೆಚ್ಚಗಾಗಿಸಿಕೊಳ್ಳಿ. ಆಮೇಲೆ ಮಗುವಿನ ತೋಳು, ಕಾಲು, ಬೆನ್ನಿನ ಮೇಲೆ ಅಲ್ಲಲ್ಲಿ ಚುಕ್ಕೆಯಿಟ್ಟು, ರೋಮ ಬೆಳೆದಿರುವ ದಿಕ್ಕಿನಲ್ಲೇ ಮೇಲಿನಿಂದ ಕೆಳಗೆ ಸವರಿ. ವೃತ್ತಾಕಾರವಾಗಿ ತಿಕ್ಕಿದರೆ ರೋಮದ ಬುಡ ಮುಚ್ಚಿ ಗುಳ್ಳೆಗಳೇಳಬಹುದು. ಚರ್ಮ ಹೊಳೆಯುವಷ್ಟು ಪದರ ಉಳಿದರೆ ಸರಿಯಾಗಿ ಹಚ್ಚಿದಂತೆ. ಮಗು ಜಾರುತ್ತದೆ, ಎತ್ತಿಕೊಳ್ಳುವಾಗ ಬಟ್ಟೆ ಸುತ್ತಿಯೇ ಎತ್ತಿ.

ಎಷ್ಟು ಹಚ್ಚಬೇಕೆಂಬುದನ್ನು ಯಾರೂ ಸ್ಪಷ್ಟವಾಗಿ ಹೇಳದಿರುವುದರಿಂದ ಬಹುತೇಕ ಮನೆಗಳಲ್ಲಿ ಬೇಕಾದುದರ ಕಾಲುಭಾಗವೂ ಹಚ್ಚುವುದಿಲ್ಲ. ಮೈಯ ಬಹುಭಾಗ ಒಣಗಿರುವ ಹಸುಗೂಸಿಗೆ ವಾರಕ್ಕೆ ಸುಮಾರು 100 ಗ್ರಾಂ ಬೇಕಾಗುತ್ತದೆ. ಒಂದು ಸಣ್ಣ ಟ್ಯೂಬು ಎರಡು ತಿಂಗಳು ಬಂತೆಂದರೆ ಚಿಕಿತ್ಸೆ ನಡೆದೇ ಇಲ್ಲ ಎಂದರ್ಥ. ದಿನಕ್ಕೆ ಕನಿಷ್ಠ ಎರಡು ಸಲ, ಕೆರಳಿರುವ ದಿನಗಳಲ್ಲಿ ಪ್ರತಿ ಡಯಾಪರ್ ಬದಲಾವಣೆಯ ಹೊತ್ತಿಗೂ ಹಚ್ಚಬಹುದು. ಜೊಲ್ಲು ಮತ್ತು ಹಾಲು ತಾಗುವ ಗಲ್ಲ, ಬಾಯಿಯ ಸುತ್ತ ಹಾಲುಣಿಸುವ ಮುನ್ನ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರುವುದರಿಂದ ಅಲ್ಲಿನ ಉರಿ ಗಣನೀಯವಾಗಿ ಕಡಿಮೆಯಾಗುತ್ತದೆ.

ಯಾವುದನ್ನು ಕೊಳ್ಳಬೇಕು? ಲೋಷನ್ನಿಗಿಂತ ಕ್ರೀಮು, ಕ್ರೀಮಿಗಿಂತ ಮುಲಾಮು ತೇವವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಸುಗಂಧ, ಬಣ್ಣ, ಗಿಡಮೂಲಿಕೆಯ ಸಾರ ಇಲ್ಲದ್ದನ್ನು ಆರಿಸಿ. ‘ನ್ಯಾಚುರಲ್’ ಎಂಬ ಮಾತು ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗುವ ಸುವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು. ಆದರೆ ಬೇಸಿಗೆಯ ಹಗಲಿನಲ್ಲಿ ದಪ್ಪ ಜೆಲ್ಲಿ ಬೆವರನ್ನು ತಡೆದು ಬೆವರುಸಾಲೆ ಎಬ್ಬಿಸಬಹುದಾದ್ದರಿಂದ, ಮಾರ್ಚ್‌ನಿಂದ ಮೇ ತನಕ ಹಗಲು ಕ್ರೀಮು, ರಾತ್ರಿ ಮುಲಾಮು ಎಂಬ ಕ್ರಮ ಒಗ್ಗುತ್ತದೆ. ಹೊಸದನ್ನು ತಂದಾಗ ಮುಂಗೈಯ ಸಣ್ಣ ಜಾಗಕ್ಕೆ ಒಂದೆರಡು ದಿನ ಹಚ್ಚಿ ನೋಡಿ, ಆಮೇಲೆ ಮೈಗೆಲ್ಲ ಹಚ್ಚಿ.

ನಮ್ಮ ಮನೆಗಳಿಗೆ ಬಹಳ ಮುಖ್ಯವಾದ ಎಚ್ಚರಿಕೆಯೊಂದಿದೆ. ಪೆಟ್ರೋಲಿಯಂ ಜೆಲ್ಲಿ, ಪ್ಯಾರಾಫಿನ್, ಎಣ್ಣೆಗಳು ನೆನೆದ ಬಟ್ಟೆಗೆ ಬೆಂಕಿ ತಾಗಿದರೆ ಅದು ಮಾಮೂಲಿ ಬಟ್ಟೆಗಿಂತ ಬೇಗ ಹೊತ್ತಿಕೊಂಡು ಉರಿಯುತ್ತದೆ. ಮೈಗೆ ಮುಲಾಮು ಹಚ್ಚಿದ ಮಗುವನ್ನು ಸಾಂಬ್ರಾಣಿಯ ಕೆಂಡದ ಮೇಲೆ ಹಿಡಿಯುವುದಾಗಲಿ, ದೀಪದ ಹತ್ತಿರ ಮಲಗಿಸುವುದಾಗಲಿ ಸರ್ವಥಾ ಕೂಡದು. ಹೊಗೆಯೇ ಚರ್ಮಕ್ಕೂ ಉಸಿರಿಗೂ ಕಿರಿಕಿರಿ ಎಂಬುದು ಬೇರೆ ಮಾತು.

ನಾಲ್ಕನೆಯ ಹೆಜ್ಜೆ: ಕೆರಳಿದಾಗ ಔಷಧ

ಮಾಯಿಶ್ಚರೈಸರಿಗೆ ಬಗ್ಗದ ಮಚ್ಚೆಗೆ ವೈದ್ಯರು ಹಸುಗೂಸುಗಳಿಗೆ ಸಾಮಾನ್ಯವಾಗಿ ಸೌಮ್ಯವಾದ ಸ್ಟೀರಾಯ್ಡ್ ಮುಲಾಮನ್ನು, ಉದಾಹರಣೆಗೆ 1% ಹೈಡ್ರೋಕಾರ್ಟಿಸೋನ್ ಅಥವಾ 0.05% ಡೆಸೊನೈಡನ್ನು ಬರೆಯುತ್ತಾರೆ. ಸ್ಟೀರಾಯ್ಡ್ ಎಂದ ಕೂಡಲೇ ಹೆದರಿ ಅದನ್ನು ಕಪಾಟಿನಲ್ಲಿಡುವುದು, ಹಚ್ಚಿದರೂ ಸಾಸಿವೆಯಷ್ಟು ಹಚ್ಚುವುದು ಒಂದು ಕಡೆಯ ತಪ್ಪು. ವೈದ್ಯರು ಹೇಳಿದ ಶಕ್ತಿಯ ಮುಲಾಮನ್ನು, ಹೇಳಿದಷ್ಟು ದಿನ ಹಚ್ಚಿದರೆ ಅದು ಸುರಕ್ಷಿತ. ಚರ್ಮ ತೆಳುವಾಗುವಂಥ ತೊಂದರೆಗಳು ಬರುವುದು ತೀವ್ರ ಶಕ್ತಿಯ ಸ್ಟೀರಾಯ್ಡನ್ನು ಮುಖಕ್ಕೆ, ಮಡಿಕೆಗಳಿಗೆ, ಡಯಾಪರಿನಡಿ ವಾರಗಟ್ಟಲೆ ಹಚ್ಚಿದಾಗ.

ಅಳತೆಗೆ ಬೆರಳ ತುದಿಯೇ ಮಾನ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬನ್ನು ಹಿಂಡಿದರೆ ಬರುವ ಮುಲಾಮು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಗಳನ್ನು ಬೆರಳು ಜೋಡಿಸಿ ಇಟ್ಟಷ್ಟು ಅಗಲದ ಜಾಗಕ್ಕೆ ಇದು ಸಾಕಾಗುತ್ತದೆ. ಮೂರರಿಂದ ಆರು ತಿಂಗಳ ಮಗುವಿನ ಇಡೀ ಮುಖ ಮತ್ತು ಕುತ್ತಿಗೆಗೆ ಇಂಥ ಒಂದು ಅಳತೆ, ಒಂದು ತೋಳಿಗೆ ಕೈ ಸೇರಿ ಒಂದು, ಒಂದು ಕಾಲಿಗೆ ಪಾದ ಸೇರಿ ಒಂದೂವರೆ ಬೇಕಾಗುತ್ತದೆ. ಇದು ಮೈಯೆಲ್ಲ ಮಚ್ಚೆಯಿದ್ದಾಗಿನ ಲೆಕ್ಕ. ಅಲ್ಲೊಂದು ಇಲ್ಲೊಂದು ಇದ್ದರೆ ಆ ಪ್ರಮಾಣಕ್ಕೆ ಇಳಿಸಿಕೊಳ್ಳಿ. ಔಷಧವನ್ನು ಮಚ್ಚೆಯ ಮೇಲಷ್ಟೇ, ಮಾಯಿಶ್ಚರೈಸರನ್ನು ಮೈಗೆಲ್ಲ ಹಚ್ಚಬೇಕು, ಎರಡರ ನಡುವೆ 15ರಿಂದ 30 ನಿಮಿಷ ಬಿಡುವಿರಲಿ. ಚರ್ಮ ಬೆರಳಿಗೆ ನಯವಾಗುವ ತನಕ ಮುಂದುವರಿಸಿ, ಕಣ್ಣಿಗೆ ತಿಳಿಯಾಗಿ ಕಂಡಿತೆಂದು ನಡುವೆ ಬಿಡಬೇಡಿ. ಮತ್ತೆ ಮತ್ತೆ ಒಂದೇ ಜಾಗದಲ್ಲಿ ಏಳುತ್ತಿದ್ದರೆ ವಾರಕ್ಕೆರಡು ದಿನ ಮಾತ್ರ ಹಚ್ಚುವ ಕ್ರಮವನ್ನು ವೈದ್ಯರು ಸೂಚಿಸಬಹುದು.

ಇನ್ನೊಂದು ಕಡೆಯ ತಪ್ಪು ಇದಕ್ಕಿಂತ ಅಪಾಯಕಾರಿ. ಬಡಾವಣೆಯ ಮೆಡಿಕಲ್ ಶಾಪಿನಲ್ಲಿ ‘ಮಗುವಿಗೆ ತುರಿಕೆ’ ಎಂದರೆ ಸಾಕು, ಸ್ಟೀರಾಯ್ಡ್, ಆಂಟಿಬಯೋಟಿಕ್, ಫಂಗಸ್ ಔಷಧ ಮೂರೂ ಬೆರೆತ ಟ್ಯೂಬು ಕೈಗೆ ಬರುವುದುಂಟು. ಎರಡೇ ದಿನದಲ್ಲಿ ಮಚ್ಚೆ ಮಾಯವಾಗುತ್ತದೆ, ಬಿಟ್ಟ ಕೂಡಲೇ ಇಮ್ಮಡಿಯಾಗಿ ಬರುತ್ತದೆ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳಲ್ಲಿ ಕ್ಲೋಬೆಟಸೋಲ್ ಅಥವಾ ಬೀಟಾಮೆಥಸೋನ್ ಎಂಬ ಹೆಸರು ಕಂಡರೆ, ವೈದ್ಯರು ಬರೆದ ಹೊರತು ಅದನ್ನು ಹಸುಗೂಸಿನ ಮೈಗೆ ಮುಟ್ಟಿಸಬೇಡಿ. ಮಗುವಿನ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ದೊಡ್ಡವರಿಗಿಂತ ಹೆಚ್ಚಿರುವುದರಿಂದ ಔಷಧ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಮೈಗೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು. ಆದರೂ ಅಂಗಡಿಯ ಕಟ್ಟೆಯ ಮುಂದೆ ಎಚ್ಚರವಹಿಸಬೇಕಾದವರು ನಾವೇ. ತುರಿಕೆಗೆಂದೋ ನಿದ್ದೆಗೆಂದೋ ಮನೆಯಲ್ಲಿರುವ ಶೀತದ ಸಿರಪ್ಪನ್ನು ಮಗುವಿಗೆ ಕುಡಿಸುವುದೂ ಅಷ್ಟೇ ತಪ್ಪು.

ಐದನೆಯ ಹೆಜ್ಜೆ: ಬಟ್ಟೆ, ಹಾಸಿಗೆ, ಹವೆ

ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ಹಿತವಾದುದೆಂಬ ಮಾತು ಎಕ್ಸಿಮಾ ಇರುವ ಮಗುವಿಗೆ ವರ್ಷವಿಡೀ ಅನ್ವಯಿಸುವುದಿಲ್ಲ. ಡಿಸೆಂಬರಿನ ತಂಪಿನಿಂದ ಮಾರ್ಚ್‌ ಮಧ್ಯಾಹ್ನಗಳ ಒಣಗಾಳಿಯವರೆಗೆ ಚರ್ಮ ಹೆಚ್ಚು ಬಿರಿಯುತ್ತದೆ, ಆ ತಿಂಗಳುಗಳಲ್ಲಿ ಮಾಯಿಶ್ಚರೈಸರ್ ಒಂದು ಸಲ ಹೆಚ್ಚು ಬೇಕು. ಆದರೆ ಚಳಿಯೆಂದು ಸ್ವೆಟರು, ಉಣ್ಣೆಯ ಟೋಪಿ, ಕಾಲುಚೀಲ, ಮೇಲೊಂದು ಕಂಬಳಿ ಹೊದಿಸಿದರೆ ಮಗು ಒಳಗೇ ಬೆವರಿ, ಆ ಬೆವರೇ ತುರಿಕೆ ತರುತ್ತದೆ. ಉಣ್ಣೆ ನೇರವಾಗಿ ಮೈಗೆ ತಾಗಬಾರದು. ಒಳಗೆ ಹತ್ತಿಯ ಪೂರ್ಣ ತೋಳಿನ ಅಂಗಿ ಇದ್ದು, ಹಿಂಗತ್ತು ಮುಟ್ಟಿದರೆ ಬೆಚ್ಚಗಿದ್ದು ಬೆವರಿಲ್ಲದಿದ್ದರೆ ಅಷ್ಟು ಸಾಕು. ನಾಮಕರಣಕ್ಕೆ ಉಡುಗೊರೆ ಬಂದ ಜರಿಯಂಚಿನ ಬಟ್ಟೆಯನ್ನು ಒಂದು ಫೋಟೊಕ್ಕೆ ತೊಡಿಸಿ ತೆಗೆದುಬಿಡಿ. ಸೊಂಟದ ಉಡಿದಾರ, ಕೈಯ ಕಪ್ಪು ದಾರ ಒದ್ದೆಯಾಗಿಯೇ ಉಳಿದು ಅದರಡಿ ಚರ್ಮ ಕೊರೆದಿದೆಯೇ ಎಂದು ದಿನವೂ ನೋಡಿ, ಕೊರೆದಿದ್ದರೆ ವಾಸಿಯಾಗುವ ತನಕ ತೆಗೆದಿಡಿ.

ಹೊಸ ಬಟ್ಟೆಯನ್ನು ಒಗೆದೇ ತೊಡಿಸಬೇಕು. ಕುತ್ತಿಗೆಯ ಲೇಬಲ್ಲನ್ನು ಹೊಲಿಗೆಯವರೆಗೂ ಕತ್ತರಿಸಿ. ಮಗುವಿನ ಬಟ್ಟೆಯನ್ನು ಡಿಟರ್ಜೆಂಟ್ ಉಳಿಯದಂತೆ ಒಂದು ಸಲ ಹೆಚ್ಚು ಜಾಲಾಡಿಸಿ, ಫ್ಯಾಬ್ರಿಕ್ ಸಾಫ್ಟನರ್ ಬಿಡಿ. ಉಗುರನ್ನು ವಾರಕ್ಕೆರಡು ಸಲ, ನಿದ್ದೆಯಲ್ಲಿರುವಾಗ ಕತ್ತರಿಸುವುದು ಸುಲಭ. ಹಾಸಿಗೆಯ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಸೊಳ್ಳೆಬತ್ತಿ, ಊದುಬತ್ತಿಯ ಹೊಗೆಯ ಬದಲು ಸೊಳ್ಳೆಪರದೆ ಕಟ್ಟಿ. ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುತ್ತಿದ್ದರೆ, ಈ ಊರಿನಲ್ಲಿ ಅದು ತಪ್ಪುವುದೂ ಇಲ್ಲ, ಕೆಲಸದ ಹೊತ್ತಿನಲ್ಲಿ ಆ ಕಡೆಯ ಕಿಟಕಿ ಮುಚ್ಚಿ, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಆರನೆಯ ಹೆಜ್ಜೆ: ಆಹಾರದ ವಿಷಯದಲ್ಲಿ ಅವಸರಪಡದಿರುವುದು

ಮಗುವಿನ ಮೈಮೇಲೆ ಮಚ್ಚೆ ಎದ್ದ ಕೂಡಲೇ ತಾಯಿಯ ತಟ್ಟೆಯಿಂದ ಬದನೆಕಾಯಿ, ಮೊಟ್ಟೆ, ಕಡಲೆಕಾಯಿ, ಹಾಲು, ಮೊಸರು ಒಂದೊಂದಾಗಿ ಮಾಯವಾಗುತ್ತವೆ. ಹೆಚ್ಚಿನ ಮಕ್ಕಳಲ್ಲಿ ಇದರಿಂದ ಏನೂ ಸಾಧಿಸಿದಂತಾಗುವುದಿಲ್ಲ, ಹಾಲೂಡುವ ತಾಯಿ ಮಾತ್ರ ಸೊರಗುತ್ತಾಳೆ. ನಿರ್ದಿಷ್ಟ ಆಹಾರ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂಧೆ ಎದ್ದರೆ, ತುಟಿ ಊದಿದರೆ, ವಾಂತಿಯಾದರೆ, ಅಥವಾ ಚಿಕಿತ್ಸೆ ಸರಿಯಾಗಿ ನಡೆದರೂ ತೀವ್ರ ಎಕ್ಸಿಮಾ ತಗ್ಗದಿದ್ದರೆ ಮಾತ್ರ ಆಹಾರದ ಅಲರ್ಜಿಯ ಬಗ್ಗೆ ವೈದ್ಯರೊಡನೆ ಚರ್ಚಿಸಬೇಕು. ಲಕ್ಷಣವಿಲ್ಲದೆ ಮಾಡಿಸುವ ದೊಡ್ಡ ಅಲರ್ಜಿ ಪರೀಕ್ಷೆಗಳು ಗೊಂದಲವನ್ನೇ ಹೆಚ್ಚಿಸುತ್ತವೆ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿಯೊಂದಿಗೆ ಮೇಲೂಟ ಆರಂಭಿಸುವಾಗ ಮೊಟ್ಟೆ, ಕಡಲೆಕಾಯಿಗಳನ್ನು ವರ್ಷಗಟ್ಟಲೆ ಮುಂದೂಡುವುದು ಹಳೆಯ ಸಲಹೆ. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನವು, ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ ಮಕ್ಕಳಿಗೆ 4ರಿಂದ 11 ತಿಂಗಳ ನಡುವೆಯೇ ಕಡಲೆಕಾಯಿಯ ಆಹಾರ ಕೊಡಲು ಆರಂಭಿಸಿದರೆ ಮುಂದೆ ಅದರ ಅಲರ್ಜಿ ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿತು. ಹುರಿದು ನುಣ್ಣಗೆ ಪುಡಿಮಾಡಿದ ಕಡಲೆಕಾಯಿಯನ್ನು ಸರಿಯಲ್ಲಿ ಕಲಸಿ ಚಿಟಿಕೆಯಿಂದ ಆರಂಭಿಸಬಹುದು. ಇಡೀ ಬೀಜವನ್ನು ಎಂದೂ ಕೊಡಬಾರದು, ಅದು ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಎಕ್ಸಿಮಾ ತೀವ್ರವಾಗಿದ್ದರೆ ಮೊದಲ ತುತ್ತಿಗೂ ಮುನ್ನ ವೈದ್ಯರನ್ನು ಕೇಳಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಮಚ್ಚೆಯ ಮೇಲೆ ಜೇನಿನ ಬಣ್ಣದ ಹೊಪ್ಪಳೆ ಕಟ್ಟುವುದು, ಕೀವು, ಮುಟ್ಟಿದರೆ ಬಿಸಿಯಾಗಿ ಹರಡುವ ಊತ, ಜ್ವರ, ಇವು ಬ್ಯಾಕ್ಟೀರಿಯಾ ಸೋಂಕಿನ ಗುರುತುಗಳು. ಅದೇ ದಿನ ತೋರಿಸಿ. ಇದಕ್ಕಿಂತ ಗಂಭೀರವಾದದ್ದು ಹರ್ಪಿಸ್ ವೈರಸ್‌ ಸೋಂಕು. ಒಂದೇ ಅಳತೆಯ ನೀರ್ಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಒಡೆದು, ಕೊರೆದಂತೆ ದುಂಡಗಿನ ಹುಣ್ಣುಗಳಾಗಿ ವೇಗವಾಗಿ ಹರಡುತ್ತ, ಮಗು ಜ್ವರದಿಂದ ಹಾಲು ಬಿಟ್ಟು ಮಂಕಾಗಿದ್ದರೆ, ರಾತ್ರಿಯಾದರೂ ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು, ಅದರಲ್ಲೂ ಕಣ್ಣಿನ ಸುತ್ತ ಇದ್ದರೆ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ತುಟಿಯ ಮೇಲೆ ಜ್ವರದ ಗುಳ್ಳೆ ಇರುವವರು, ಎಷ್ಟೇ ಹತ್ತಿರದವರಾದರೂ, ಆ ವಾರ ಮಗುವಿಗೆ ಮುತ್ತಿಡಬಾರದು.

ಲಸಿಕೆ, ಬಿಳಿ ಮಚ್ಚೆ, ಮುಂದಿನ ಭೇಟಿ

ಎಕ್ಸಿಮಾ ಇದೆಯೆಂದು ಯಾವ ಲಸಿಕೆಯನ್ನೂ ನೀವಾಗಿ ಮುಂದೂಡಬೇಡಿ. ಚುಚ್ಚುವ ಜಾಗದ ಚರ್ಮ ಕೆಟ್ಟಿದ್ದರೆ ದಾದಿಗೆ ತಿಳಿಸಿ, ಬೇರೆ ಜಾಗ ಆರಿಸುತ್ತಾರೆ.

ಉರಿಯೂತ ತಗ್ಗಿದ ಜಾಗದಲ್ಲಿ ಚರ್ಮ ತಿಳಿಬಣ್ಣಕ್ಕೆ ತಿರುಗುವುದು ನಮ್ಮ ಮೈಬಣ್ಣದಲ್ಲಿ ಎದ್ದು ಕಾಣುತ್ತದೆ. ತೊನ್ನು ಇರಬಹುದೇ ಎಂದು ಕಂಗಾಲಾಗುವವರೂ, ಮುಲಾಮಿನಿಂದಲೇ ಹೀಗಾಯಿತೆಂದು ಔಷಧ ಎಸೆಯುವವರೂ ಇದ್ದಾರೆ. ತೊನ್ನಿನ ಮಚ್ಚೆ ಸುಣ್ಣದಂತೆ ಅಚ್ಚ ಬಿಳಿಯಾಗಿ, ಸ್ಪಷ್ಟ ಅಂಚಿನಿಂದ ಕೂಡಿರುತ್ತದೆ. ಎಕ್ಸಿಮಾ ಬಿಟ್ಟುಹೋಗುವ ಗುರುತು ಮಸುಕಾಗಿರುತ್ತದೆ, ಅಂಚು ಸುತ್ತಲಿನ ಚರ್ಮದಲ್ಲಿ ಕರಗಿರುತ್ತದೆ. ಉರಿಯೂತ ಮರುಕಳಿಸದಿದ್ದರೆ ಮೂಲ ಬಣ್ಣ ತಾನಾಗಿ ಮರಳುತ್ತದೆ, ಆದರೆ ತಿಂಗಳುಗಳೇ ಹಿಡಿಯುತ್ತವೆ.

ವೈದ್ಯರ ಮುಂದಿನ ಭೇಟಿಗೆ ಹೋಗುವಾಗ ಮಚ್ಚೆ ಕೆರಳಿದ್ದ ದಿನ ಹಗಲುಬೆಳಕಿನಲ್ಲಿ ತೆಗೆದ ಫೋಟೊಗಳನ್ನೂ, ಈವರೆಗೆ ಬಳಸಿದ ಪ್ರತಿಯೊಂದು ಟ್ಯೂಬು, ಡಬ್ಬಿ, ಎಣ್ಣೆಯ ಬಾಟಲಿಯನ್ನೂ, ನಾಟಿ ಔಷಧ ಹಚ್ಚಿದ್ದರೆ ಅದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಗುವನ್ನು ಡೇಕೇರಿಗೆ ಬಿಡುವವರು ಅಲ್ಲಿಗೆ ಯಾವ ಮುಲಾಮು, ಯಾವ ಜಾಗಕ್ಕೆ, ಯಾವ ಹೊತ್ತಿಗೆ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಡಬ್ಬಿಗೇ ಅಂಟಿಸಿ ಕಳುಹಿಸಿ, ಮತ್ತು ಅದೇ ಹಾಳೆಯ ಇನ್ನೊಂದು ಪ್ರತಿಯನ್ನು ಬಚ್ಚಲುಮನೆಯ ಬಾಗಿಲಿಗೆ, ನೀರು ಹಾಕುವವರ ಕಣ್ಣಿಗೆ ಬೀಳುವಂತೆ ಅಂಟಿಸಿ.